ನಿರ್ಮಾಲ್ಯದ ಚೀಲ

ನಮ್ಮ ಓಣಿಯಲ್ಲಿ ಯಾರೂ ಬಿಚ್ಚಿ ನೋಡದ ಕಸದ ಚೀಲ ಒಂದೇ ಒಂದಿತ್ತು, ಅದು ನಮ್ಮ ಮನೆಯದು. ಕಸ ಎಂದರೆ ನನ್ನ ಮಗನಿಗೆ ಸಿಟ್ಟು ಬರುತ್ತದೆ. ಅದು ನಿರ್ಮಾಲ್ಯ, ದೇವರ ಮೈಮೇಲಿಂದ ಇಳಿಸಿದ ಹೂವು. ಮಣ್ಣಗುಡ್ಡದ ನಮ್ಮ ದೇವಿಯ ದೇವಸ್ಥಾನದಲ್ಲಿ ನನ್ನ ಗಂಡ ವಿಠಲ ಉಪಾಧ್ಯರು ನಲವತ್ತು ವರ್ಷ ಪೂಜೆ ಮಾಡಿದರು. ಅವರು ಹಾಸಿಗೆ ಹಿಡಿದ ಮೇಲೆ ಮಗ ಕೃಷ್ಣಕಿಶೋರ್ ಮಾಡುತ್ತಿದ್ದಾನೆ. ಮೊದಲೆಲ್ಲ ನಿರ್ಮಾಲ್ಯವನ್ನು ದೇವಸ್ಥಾನದ ಹಿಂದಿನ ತೋಡಿಗೆ ಬಿಡುತ್ತಿದ್ದರು. ತೋಡಿನ ಮೇಲೆ ಕಾಂಕ್ರೀಟ್ ಬಿದ್ದ ನಂತರ ಕೇಪಳ, ತುಳಸಿ, ಅಡಿಕೆಯ ಹಿಂಗಾರ, ಬಾಡಿದ ಮಲ್ಲಿಗೆ ಎಲ್ಲ ದಪ್ಪ ಕಾಗದದ ಚೀಲದಲ್ಲಿ ದಿನಾ ನಮ್ಮ ಮನೆಗೆ ಬರುತ್ತದೆ. ಹಸಿ ಕಸ, ಒಣ ಕಸದ ಜೊತೆ ಬೆರೆಸದೆ ನಾನು ಅದನ್ನು ಗೇಟಿನ ಕೊಕ್ಕೆಗೆ ಬೇರೆಯಾಗಿ ತೂಗುಹಾಕುತ್ತೇನೆ.

ಕಸದ ಗಾಡಿಯಲ್ಲಿ ಬರುವವರು ಇಬ್ಬರು. ಗಾಡಿ ಓಡಿಸುವ ಲತೇಶ್ ಮತ್ತು ಮನೆಮನೆಯಿಂದ ಕಸ ಎತ್ತುವ ಕಿನ್ನಿ. ಲತೇಶನ ಕೈಯಲ್ಲಿ ಒಂದು ಕಬ್ಬಿಣದ ಸರಳು. ಎಲ್ಲರ ಬಕೆಟ್ಟಿಗೂ ಅದನ್ನು ತೂರಿಸಿ ಕೆದಕುತ್ತಾನೆ, ಹಸಿಯೊಳಗೆ ಒಣ ಸಿಕ್ಕಿದರೆ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ನಮ್ಮ ನಿರ್ಮಾಲ್ಯಕ್ಕೆ ಮಾತ್ರ ಸರಳು ಮುಟ್ಟಿಸುವುದಿಲ್ಲ. ಕಿನ್ನಿ ಆ ಚೀಲವನ್ನು ಎದೆಗೆ ಒತ್ತಿಕೊಂಡು ಹೋಗುತ್ತಿದ್ದಳು. ಎಲ್ಲಿಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಗಾಡಿಗೇ ಹಾಕುತ್ತಾಳೆ ಎಂದು ನಾನೇ ತಿಳಿದುಕೊಂಡಿದ್ದೆ.

ನಾನು ವಾರಿಜಾ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಎದುರು ಮನೆಯ ವಿನೀತ್ ಒಡೆದ ಟ್ಯೂಬ್‌ಲೈಟನ್ನು ಹಸಿ ಕಸಕ್ಕೆ ಹಾಕಿದ್ದಾಗ ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಪಾದರಸದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದ್ದೆ. ಹಳೆ ಬ್ಯಾಟರಿ, ಪೈಂಟಿನ ಡಬ್ಬ, ಅವಧಿ ಮುಗಿದ ಮಾತ್ರೆ, ಯಾವುದನ್ನು ಎಲ್ಲಿ ಕೊಡಬೇಕೆಂದು ಓಣಿಯವರು ನನ್ನನ್ನೇ ಕೇಳುತ್ತಿದ್ದರು. ಇದನ್ನೆಲ್ಲ ಹೇಳುವುದು ಯಾಕೆಂದರೆ, ಪಾಪ ಅವಳಿಗೆ ಗೊತ್ತಿರಲಿಲ್ಲ ಎಂದು ನನ್ನ ಬಗ್ಗೆ ಯಾರೂ ಹೇಳುವುದು ನನಗೆ ಬೇಡ.

ನಮ್ಮವರಿಗೆ ಸಕ್ಕರೆ ಕಾಯಿಲೆ ಎಂಬುದು ಊರಿಗೆಲ್ಲ ಗೊತ್ತು. ಹೆಪಟೈಟಿಸ್ ಬಿ ಕೂಡ ಉಂಟು ಎಂಬುದು ಗೊತ್ತಿದ್ದದ್ದು ಅವರನ್ನು ಬಿಟ್ಟರೆ ನನಗೆ, ಕಿಶೋರನಿಗೆ, ಅತ್ತಾವರದ ಡಾಕ್ಟರಿಗೆ ಮತ್ತು ವಾರಕ್ಕೆರಡು ಸಲ ಮನೆಗೆ ಬಂದು ಇಂಜೆಕ್ಷನ್ ಕೊಡುವ ನರ್ಸ್ ಗೆರ್ಟ್ರೂಡ್‌ಗೆ. ಲಿವರನ್ನು ತಿನ್ನುವ ವೈರಸ್ ಅದು. ಎಷ್ಟೋ ವರ್ಷದ ಹಿಂದೆ ಹರ್ನಿಯಾ ಆಪರೇಷನ್ನಿನಲ್ಲಿ ಕೊಟ್ಟ ರಕ್ತದಿಂದ ಬಂದಿರಬೇಕು ಎಂದಿದ್ದರು ಡಾಕ್ಟರು. ಆದರೆ ಅದು ಬೇರೆ ದಾರಿಯಿಂದಲೂ ಬರುತ್ತದೆ, ಜನ ನಂಬುವುದು ಆ ದಾರಿಯನ್ನೇ. ಮೇಲಾಗಿ ತೀರ್ಥ ಕೊಡುವ ಕೈ. ತೀರ್ಥದಿಂದ ಹರಡುವುದಿಲ್ಲ ಎಂದು ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಬಲ್ಲೆ, ಆದರೆ ದೇವಸ್ಥಾನದಲ್ಲಿ ಕರಿಹಲಗೆ ಯಾರು ಇಡುತ್ತಾರೆ. ನಾನೂ ಕಿಶೋರನೂ ಗುರುತಿನವರಿಲ್ಲದ ಒಂದು ಕ್ಲಿನಿಕ್ಕಿಗೆ ಹೋಗಿ ಮೂರು ಡೋಸ್ ಲಸಿಕೆ ಹಾಕಿಸಿಕೊಂಡು ಬಾಯಿ ಮುಚ್ಚಿಕೊಂಡೆವು.

ಸೂಜಿಗಳದ್ದೇ ಸಮಸ್ಯೆ. ದಿನಕ್ಕೆರಡು ಇನ್ಸುಲಿನ್, ಬೆರಳು ಚುಚ್ಚಿ ಸಕ್ಕರೆ ನೋಡುವುದು, ಗೆರ್ಟ್ರೂಡ್ ನರಕ್ಕೆ ಕೊಡುವ ಸಿರಿಂಜು ಬೇರೆ. ಗಟ್ಟಿ ಡಬ್ಬದಲ್ಲಿ ಹಾಕಿ ಮುಚ್ಚಿಡಿ ಎಂದಿದ್ದಳು ಅವಳು. ಡಬ್ಬ ತುಂಬಿದ ಮೇಲೆ ಅದನ್ನು ಚೀಲದಲ್ಲಿಟ್ಟುಕೊಂಡು ಹಂಪನಕಟ್ಟೆಗೆ ಒಂದು ಬಸ್ಸು, ಅಲ್ಲಿಂದ ಅತ್ತಾವರಕ್ಕೆ ಇನ್ನೊಂದು ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. "ಇಲ್ಲಿ ಅಡ್ಮಿಟ್ ಆದವರದ್ದು ಮಾತ್ರ ತಗೊಳ್ಳುವುದು ಮೇಡಂ, ಮನೆಯದ್ದು ತಗೊಂಡ್ರೆ ನಮಗೆ ಕೇಳ್ತಾರೆ" ಎಂದರು. ವಾಪಸು ಬರುವಾಗ ಹಂಪನಕಟ್ಟೆಯ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಅವರು ನಕ್ಕರು. ಕಾರ್ಪೊರೇಷನ್ನಿಗೆ ಫೋನ್ ಮಾಡಿದರೆ, ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಗಾಡಿಯವರಿಗೇ ಬೇರೆಯಾಗಿ ಕೊಡಿ ಎಂದರು. ಹಾಗೆಯೇ ಮಾಡಿದೆ. ಲತೇಶ್ ಪೇಪರ್ ಬಿಚ್ಚಿ ಡಬ್ಬವನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಆಗ್ಲಿಕ್ಕಿಲ್ಲ ಟೀಚರೇ. ಅಲ್ಲಿ ಪ್ಲಾಂಟಿನಲ್ಲಿ ಸೂಜಿ ಸಿಕ್ಕಿದ್ರೆ ನನ್ನ ಕೆಲಸ ಹೋಗ್ತದೆ. ಯಾರಿಗೆ ಇಷ್ಟೆಲ್ಲ ಸೂಜಿ?"

"ಅವರಿಗೇ. ಸಕ್ಕರೆ ಅಲ್ವಾ."

"ಸಕ್ಕರೆಗೆ ರಕ್ತ ಇರುವ ಸಿರಿಂಜು ಎಂತಕ್ಕೆ?"

ಅವನು ಸುಮ್ಮನೆ ಕೇಳಿದ್ದಿರಬೇಕು. ನಾನು ಡಬ್ಬ ಕಿತ್ತುಕೊಂಡು ಒಳಗೆ ಬಂದೆ. ಆಮೇಲೆ ಮೆಟ್ಟಿಲಿನ ಅಡಿಯಲ್ಲಿ ಅಂಥವು ಮೂರು ಡಬ್ಬ ಆದವು.

ಅಷ್ಟರಲ್ಲಿ ಕಿಶೋರನಿಗೆ ಹೆಣ್ಣು ಸಿಕ್ಕಿತು. ಪೂಜೆ ಮಾಡುವ ಹುಡುಗರಿಗೆ ಈಗ ಹೆಣ್ಣು ಕೊಡುವವರಿಲ್ಲ. ಏಳು ವರ್ಷ ಜಾತಕ ಹಿಡಿದುಕೊಂಡು ಅಲೆದಿದ್ದೆವು, ಅವನಿಗೆ ಮೂವತ್ತಾರು ದಾಟಿತ್ತು. ಕಾರ್ಕಳದ ಕಡೆಯ ಕೃತಿ ಎಂಬ ಹುಡುಗಿ ಒಪ್ಪಿದಳು. ಅವಳ ಕಡೆಯವರು ಮನೆ ನೋಡಲು ಬರುವುದಿತ್ತು. ಹೆಂಗಸರು ಬಂದರೆ ಅಡುಗೆಮನೆಯಿಂದ ಮೆಟ್ಟಿಲಿನ ಅಡಿಯವರೆಗೆ ಕಣ್ಣಾಡಿಸದೆ ಹೋಗುವುದಿಲ್ಲ ಎಂದು ನನಗೆ ಗೊತ್ತು, ನಾನೂ ಹಾಗೆ ನೋಡಿದವಳೇ.

ಆಗ ನನಗೆ ಆ ನಿರ್ಮಾಲ್ಯದ ಚೀಲ ಕಂಡಿತು. ಡಬ್ಬವನ್ನೇ ಇಟ್ಟರೆ ಭಾರಕ್ಕೆ ತಿಳಿಯುತ್ತದೆ. ದಿನಕ್ಕೆ ಹತ್ತೋ ಹನ್ನೆರಡೋ ಸೂಜಿಯನ್ನು ಕಾಗದದಲ್ಲಿ ಸುತ್ತಿ ಹಿಂಗಾರದ ಎಳೆಗಳ ನಡುವೆ ಇಟ್ಟೆ. ಹೇಗೂ ಯಾರೂ ಬಿಚ್ಚುವುದಿಲ್ಲ, ಯಾರ ಕೈಯೂ ತಾಗದೆ ಗಾಡಿಗೆ ಬೀಳುತ್ತದೆ ಎಂದುಕೊಂಡೆ. ಸ್ನಾನವಾಗದೆ ಹೂವಿನ ಬುಟ್ಟಿ ಮುಟ್ಟಿದರೆಂದು ಎಷ್ಟು ಜನರನ್ನು ಬೈದವಳು ನಾನು. ಗಂಡನ ರಕ್ತ ಹತ್ತಿದ ಸೂಜಿಯನ್ನು ದೇವಿಯ ಹೂವಿನಲ್ಲಿ ಹುದುಗಿಸುವಾಗ ನನಗೆ ಮಡಿಯ ನೆನಪಾಗಲಿಲ್ಲ. ಎರಡು ಡಬ್ಬ ಖಾಲಿಯಾಯಿತು. ಮೂರನೆಯದು ಅರ್ಧವಾಗುವಾಗ, ಒಂದು ಮಂಗಳವಾರ ಬೆಳಿಗ್ಗೆ, ಕಿನ್ನಿ ಗೇಟಿನ ಬಳಿ ವಾಪಸು ಬಂದು ಕರೆದಳು.

"ಅಮ್ಮ, ಸ್ವಲ್ಪ ಅರಶಿನ ಉಂಟಾ? ಹೂವಿನೊಳಗೆ ಎಂತದೋ ಚುಚ್ಚಿತು."

ಬಲಗೈಯ ತೋರುಬೆರಳಿನಲ್ಲಿ ರಕ್ತ ಇಳಿಯುತ್ತಿತ್ತು. ಆಳಕ್ಕೇ ಹೋಗಿತ್ತು.

"ಗ್ಲೌಸ್ ಎಲ್ಲಿ?" ಎಂದೆ. ಸ್ವರ ಜೋರಾಯಿತು.

"ಅದು ಊರಿನ ಕಸ ಮುಟ್ಟಿದ ಗ್ಲೌಸ್ ಅಲ್ವಾ ಅಮ್ಮ. ದೇವರ ಹೂವಿಗೆ ಅದನ್ನು ತಾಗಿಸ್ಬಾರ್ದು ಅಂತ ತೆಗೀತೇನೆ. ನಾನು ಇದನ್ನು ಗಾಡಿಗೆ ಹಾಕುವುದೇ ಇಲ್ಲ. ಅಲ್ಲಿ ಖಾಲಿ ಸೈಟಿನ ತೆಂಗಿನ ಬುಡಕ್ಕೆ, ಯಾರೂ ತುಳಿಯದ ಜಾಗಕ್ಕೆ, ಕೈಯಲ್ಲಿ ಹರಡಿ ಹಾಕ್ತೇನೆ. ಹಿಂಗಾರದ ಸಿಬುರೋ ಎಂತದೋ ಇರ್ಬೇಕು."

ನಾನು ಅರಶಿನ ತಂದು ಬೆರಳಿಗೆ ಮೇಲಿಂದ ಉದುರಿಸಿದೆ. ಅವಳು "ದಾಲ ಇಜ್ಜಿ ಅಮ್ಮ, ಎಂತ ಆಗುವುದಿಲ್ಲ" ಎಂದು ನನಗೇ ಸಮಾಧಾನ ಹೇಳಿ ಗಾಡಿಯ ಹಿಂದೆ ಓಡಿದಳು. ಇಕ್ಕಳ ಹಿಡಿದುಕೊಂಡು ತೆಂಗಿನ ಬುಡಕ್ಕೆ ಹೋದೆ. ಎರಡು ವಾರದ ಹೂವು ಅಲ್ಲಿ ಒಪ್ಪವಾಗಿ ಹರಡಿತ್ತು, ಹಳೆಯದು ಕೆಳಗೆ, ಹೊಸದು ಮೇಲೆ. ನನ್ನ ಕಾಗದದ ಪೊಟ್ಟಣಗಳು ಬಿಚ್ಚಿಹೋಗಿದ್ದವು. ಹೊಸ ಹೂವಿನಲ್ಲಿ ಸಿಕ್ಕಿದ್ದು ಗೆರ್ಟ್ರೂಡ್ ಬಳಸಿದ ದೊಡ್ಡ ಸೂಜಿ. ಮುಚ್ಚಳ ಕಳಚಿ ಪಕ್ಕದಲ್ಲಿ ಬಿದ್ದಿತ್ತು, ಒಳಗೆ ಕಪ್ಪುಗಟ್ಟಿದ ರಕ್ತ. ಕಂಡ ಸೂಜಿಗಳನ್ನೆಲ್ಲ ಇಕ್ಕಳದಲ್ಲಿ ಹೆಕ್ಕಿ ತಂದೆ.

ಮಧ್ಯಾಹ್ನ ಗೆರ್ಟ್ರೂಡ್ ಬಂದಾಗ ಅಡುಗೆಮನೆಗೆ ಕರೆದು, ಆ ಸೂಜಿ ನನ್ನ ಕೈಗೆ ಚುಚ್ಚಿತು ಎಂದು ಸುಳ್ಳು ಹೇಳಿದೆ.

"ನಿಮಗೆ ಮೂರು ಡೋಸ್ ಆಗಿದೆ ಟೀಚರ್, ಹೆದರ್ಬೇಡಿ."

"ಲಸಿಕೆ ಆಗದವರಿಗೆ ಚುಚ್ಚಿದ್ರೆ?"

"ಹಾಗಾದ್ರೆ ತಡ ಮಾಡ್ಬಾರ್ದು. ಇಮ್ಯುನೊಗ್ಲೋಬ್ಯುಲಿನ್ ಅಂತ ಒಂದು ಇಂಜೆಕ್ಷನ್ ಉಂಟು, ಲಸಿಕೆ ಜೊತೆ ಕೊಡ್ತಾರೆ. ಒಂದು ದಿನದೊಳಗೆ ಕೊಟ್ರೆ ಒಳ್ಳೆದು. ಹೆಚ್ಚೆಂದರೆ ಏಳು ದಿನ. ಆಮೇಲೆ ಕೊಟ್ಟು ಪ್ರಯೋಜನ ಇಲ್ಲ." ಅವಳು ನನ್ನ ಮುಖವನ್ನೇ ನೋಡಿದಳು. "ಯಾರಿಗೆ ಟೀಚರ್?"

"ಯಾರಿಗೂ ಇಲ್ಲ. ತಿಳ್ಕೊಳ್ಳುವ ಅಂತ ಕೇಳಿದ್ದು."

ಏಳು ದಿನ. ಮುಂದಿನ ಮಂಗಳವಾರದವರೆಗೆ.

ಕಿಶೋರ ರಾತ್ರಿಪೂಜೆಗೆ ಹೊರಡುವ ಮೊದಲು ಅವನಿಗೆ ಹೇಳಿದೆ. ಅವನು ಜಗಲಿಯಲ್ಲಿ ಕುಳಿತು ತಲೆಗೆ ಕೈ ಕೊಟ್ಟ. ಕೆಟ್ಟವನಲ್ಲ ಅವನು, ಅಪ್ಪನ ಮಲಮೂತ್ರ ತೆಗೆದವನು. "ಅವಳಿಗೆ ಹೇಳಿದ್ರೆ ಲತೇಶನಿಗೆ ಹೇಳಿದ ಹಾಗೆ. ಲತೇಶನಿಗೆ ಹೇಳಿದ್ರೆ ಕಾರ್ಕಳಕ್ಕೆ ಮುಟ್ಟಿದ ಹಾಗೆ" ಎಂದ.

"ಅವಳ ಜೀವದ ಪ್ರಶ್ನೆ ಮಗ."

"ಚುಚ್ಚಿದ ಎಲ್ಲರಿಗೂ ಬರುವುದಿಲ್ಲ ಅಂತ ನೀನೇ ಹೇಳಿದ್ದಲ್ವಾ. ಬರದಿದ್ರೆ? ಬರದ ರೋಗಕ್ಕೆ ನನ್ನ ಮದುವೆ ಹೋಗ್ಬೇಕಾ ಅಮ್ಮ? ಪೂಜೆಯೂ ಹೋಗ್ತದೆ." ಅವನ ಕಣ್ಣಿನಲ್ಲಿ ನೀರಿತ್ತು. "ಮದುವೆ ಆಗ್ಲಿ. ಆಮೇಲೆ ನಾನೇ ಅವಳನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗ್ತೇನೆ."

ಆಮೇಲೆ ಹೋಗಿ ಪ್ರಯೋಜನವಿಲ್ಲ ಎಂದು ನಾನು ಹೇಳಿದ್ದೆ, ಅವನು ಕೇಳಿಸಿಕೊಂಡಿದ್ದ. ಇಬ್ಬರೂ ಆ ಮಾತು ಆಡಿಯೇ ಇಲ್ಲ ಎಂಬ ಹಾಗೆ ಎದ್ದೆವು. ಒಳಗೆ ಮಲಗಿದ್ದ ನಮ್ಮವರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅವರು ಗೋಡೆ ಹಿಡಿದುಕೊಂಡಾದರೂ ಗೇಟಿನವರೆಗೆ ಹೋಗಿ ಅವಳಿಗೆ ಹೇಳಿಬಿಡುತ್ತಿದ್ದರು.

ಬುಧವಾರ ಬೆಳಿಗ್ಗೆ ನಾನು ಗೇಟಿನಲ್ಲೇ ನಿಂತಿದ್ದೆ. ಹೇಳುವುದೇ ಎಂದು ನಿರ್ಧರಿಸಿದ್ದೆ. ಬಾಯಿಂದ ಬಂದದ್ದು ಬೇರೆ. "ಕಿನ್ನಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಒಂದು ಇಂಜೆಕ್ಷನ್ ತಗೋ. ಏನು ಚುಚ್ಚಿದ್ದೋ ಏನೋ."

ಅವಳು ಗುರುವಾರ ಕೆಲಸ ಮುಗಿಸಿ ಹೋಗಿ ಬಂದಳು. ಎಂತ ಚುಚ್ಚಿದ್ದು ಎಂದು ಅಲ್ಲಿ ಕೇಳಿದರಂತೆ. ಹೂವಿನ ಸಿಬುರು ಎಂದಳಂತೆ. ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸೂಜಿ ಎಂಬ ಒಂದು ಶಬ್ದವನ್ನು ನಾನು ಅವಳ ಕೈಯಲ್ಲಿ ಕೊಟ್ಟು ಕಳಿಸಿದ್ದರೆ ಸಾಕಿತ್ತು, ಉಳಿದದ್ದನ್ನು ಅವರೇ ಕೇಳುತ್ತಿದ್ದರು, ಅವರೇ ಮಾಡುತ್ತಿದ್ದರು. "ನೀವು ಹೇಳಿದ್ದಕ್ಕೆ ಹೋದೆ ಅಮ್ಮ, ಇಲ್ಲದಿದ್ರೆ ನಮಗೆಲ್ಲ ಯಾರು ಹೇಳ್ತಾರೆ" ಎಂದು ಶುಕ್ರವಾರ ಬೆರಳು ತೋರಿಸಿದಳು. ಗಾಯ ಒಣಗಿತ್ತು. ಆ ಒಣಗಿದ ಗಾಯ ನೋಡಿ ನನಗೆ ಧೈರ್ಯ ಬಂದದ್ದು ಹೇಳಿದರೆ ನಾಚಿಕೆಗೇಡು. ವೈರಸ್ಸಿಗೂ ಒಣಗಿದ ಗಾಯಕ್ಕೂ ಸಂಬಂಧವಿಲ್ಲ ಎಂದು ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ನಾನು.

ಶನಿವಾರ ಒಂದು ಜೊತೆ ಹೊಸ ದಪ್ಪ ಗ್ಲೌಸ್ ಕೊಟ್ಟೆ. ದೇವರ ಹೂವಿಗೆ ಮಾತ್ರ ಇಟ್ಟುಕೋ ಎಂದೆ. ಖುಷಿಪಟ್ಟಳು. ಭಾನುವಾರ ಗಾಡಿ ಬರಲಿಲ್ಲ, ಕೃತಿಯ ಕಡೆಯವರು ಬಂದರು, ಮೆಟ್ಟಿಲಿನ ಅಡಿ ಸ್ವಚ್ಛವಾಗಿದೆ ಎಂದು ಅವಳ ಚಿಕ್ಕಮ್ಮ ಹೊಗಳಿದರು. ಸೋಮವಾರ ಲತೇಶ್ ಪಕ್ಕದಲ್ಲೇ ಇದ್ದ ಎಂದು ನೆಪ ಮಾಡಿಕೊಂಡೆ. ಮಂಗಳವಾರ ಬೆಳಿಗ್ಗೆ ಕಿನ್ನಿ ನಿರ್ಮಾಲ್ಯ ಎತ್ತಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಓಣಿ ಮುಗಿಯುವವರೆಗೆ ನಿಧಾನಕ್ಕೆ ನಡೆದು ಹೋದಳು. ಕರೆದಿದ್ದರೆ ಕೇಳುತ್ತಿತ್ತು.

ಮದುವೆ ಆಯಿತು. ಅಪ್ಪನಿಗೆ ಕಾಯಿಲೆ, ಮನೆಗೆ ಬಂದವಳು ಲಸಿಕೆ ಹಾಕಿಸಿಕೊಳ್ಳಬೇಕು ಎಂದು ಕಿಶೋರ ಕೃತಿಗೆ ಏನೋ ಒಂದು ಹೇಳಿ ಕರೆದುಕೊಂಡು ಹೋದ. ಅವಳು ಪ್ರಶ್ನೆ ಕೇಳದೆ ಹೋದಳು. ಅಷ್ಟು ಸುಲಭವಿತ್ತು ಅದು. ಕಿನ್ನಿಯನ್ನು ಡಾಕ್ಟರ ಬಳಿಗೆ ಕರೆದೊಯ್ಯುವ ಮಾತನ್ನು ಅವನು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಹೆಕ್ಕಿ ತಂದದ್ದನ್ನೂ ಕಪಾಟಿನಲ್ಲಿ ಬಚ್ಚಿಟ್ಟಿದ್ದ ಉಳಿದ ಅರ್ಧ ಡಬ್ಬ ಸೂಜಿಯನ್ನೂ ಗೆರ್ಟ್ರೂಡ್ ತನ್ನ ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು, ಅವಳು ಹೋಗುವ ಇನ್ನೊಂದು ನರ್ಸಿಂಗ್ ಹೋಮಿನಲ್ಲಿ ತೆಗೆದುಕೊಳ್ಳುತ್ತಾರಂತೆ. "ಮೊದಲೇ ಹೇಳ್ಬಾರ್ದಾ ಟೀಚರ್" ಎಂದಳು. ನಾನು ಅವಳನ್ನು ಕೇಳಿಯೇ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಟೀಚರು ಮನೆಗೆ ಬರುವ ನರ್ಸಿನ ಬಳಿ, ಇದನ್ನು ಎಂತ ಮಾಡುವುದು ಮಾರಾಯ್ತಿ ಎಂದು ಕೇಳುವುದು ಹೇಗೆ.

ಮೂರು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಗಾಡಿಯಲ್ಲಿ ಬೇರೆ ಹೆಂಗಸು ಇದ್ದಳು.

"ಕಿನ್ನಿ ಎಲ್ಲಿ?"

"ಅವಳಿಗೆ ಕಾಮಾಲೆ ಮಾರ್ರೆ" ಎಂದ ಲತೇಶ್. "ಉಪ್ಪು ಬಿಟ್ಟು ಹಸಿರು ಮದ್ದು ಕುಡಿದ್ಲು, ಇಳಿಯುವುದಿಲ್ಲ. ಎಲ್ಲಿಯೋ ಕೆಟ್ಟ ನೀರು ಕುಡಿದಿರ್ಬೇಕು. ಕಾಂಟ್ರಾಕ್ಟಿನವರು ಬೇರೆ ಜನ ಹಾಕಿದ್ರು, ಇನ್ನು ಅವಳಿಗೆ ಈ ಲೈನು ಸಿಗುವುದು ಕಷ್ಟ."

ನಾನು ಒಳಗೆ ಬಂದು ದೇವರ ಕೋಣೆಯಲ್ಲಿ ಕುಳಿತೆ. ಪ್ರಾರ್ಥನೆ ಮಾಡಲು ಬಾಯಿ ಬರಲಿಲ್ಲ. ಅವಳ ಮನೆ ಎಲ್ಲಿ ಎಂದು ಲತೇಶನನ್ನು ಕೇಳಬೇಕು ಎಂದು ನಾಲ್ಕು ದಿನ ಅಂದುಕೊಂಡೆ. ಇಪ್ಪತ್ತು ವರ್ಷ ನನ್ನ ಮನೆಯ ಕಸ ಎತ್ತಿದವಳು ಯಾವ ಕಡೆಯಿಂದ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳೇ ದೇವಸ್ಥಾನಕ್ಕೆ ಬಂದಳು. ಒಂದು ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಎಲೆಯಡಿಕೆಯೊಳಗೆ ಮಡಚಿದ ನೋಟು. ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟು ಇಳಿದಿದ್ದಳು. ಕಣ್ಣು ಪೂರಾ ಹಳದಿ. ಎಲ್ಲರೂ ಒಳಗೆ ಹೋಗುವಾಗ ಅವಳು ಕೆಳಗಿನ ಮೆಟ್ಟಿಲಿನಲ್ಲೇ ನಿಂತು ಕಿಶೋರನನ್ನು ಕರೆದಳು.

"ಭಟ್ರೇ, ತಪ್ಪು ಕಾಣಿಕೆ ಹಾಕ್ಲಿಕ್ಕುಂಟು. ಒಂದು ಪ್ರಾರ್ಥನೆ ಮಾಡಿ ಕೊಡಿ."

ಕಿಶೋರ ನಿಂತಲ್ಲೇ ನಿಂತ. "ಎಂತ ತಪ್ಪು?" ಎಂದು ಕೇಳಲೇಬೇಕಿತ್ತು, ಅದು ಕ್ರಮ. ಕೇಳಿದ.

"ಜೋಯಿಸರ ಹತ್ರ ಪ್ರಶ್ನೆ ಕೇಳಿಸಿದೆವು. ಕವಡೆಯಲ್ಲಿ ಕಂಡಿತಂತೆ, ದೇವಿಯ ಹೂವನ್ನು ಮುಟ್ಟಿ ದೋಷ ಆಗಿದೆ ಅಂತ. ನಿಜವೇ. ಕಸ ಹೆಕ್ಕುವ ಕೈ ಇದು. ಇಷ್ಟು ವರ್ಷ ಮುಟ್ಟಿದೆ. ಅವತ್ತು ಹೂವಿನೊಳಗಿಂದ ದೇವಿ ಚುಚ್ಚಿ ಹೇಳಿದ್ರೂ ನನಗೆ ಗೊತ್ತಾಗ್ಲಿಲ್ಲ."

ಕಂಬದ ಪಕ್ಕದಲ್ಲಿ ನಾನು ನಿಂತಿದ್ದೆ. ಕಿಶೋರ ಒಮ್ಮೆ ನನ್ನ ಕಡೆ ನೋಡಿದ. ಮತ್ತೆ ಗರ್ಭಗುಡಿಯ ಕಡೆ ತಿರುಗಿ, ಕಾಯಿ ಹಣ್ಣು ಇಟ್ಟು, ದಿನಾ ಹೇಳುವ ಅದೇ ಸ್ವರದಲ್ಲಿ ಹೇಳತೊಡಗಿದ. ಅಮ್ಮಾ ತಾಯೇ, ಕಿನ್ನಿ ಎಂಬ ಈ ನಿನ್ನ ಮಗಳು ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ಅವಳ ಶರೀರದಲ್ಲಿ ತೋರಿಬಂದ ದೋಷವನ್ನು ಪರಿಹಾರ ಮಾಡಿಕೊಟ್ಟು. ಅವಳು ಕೆಳಗೆ ಕೈಮುಗಿದು ಕಣ್ಣು ಮುಚ್ಚಿದ್ದಳು. ಅವನ ಸ್ವರ ಎಲ್ಲಿಯೂ ತಡೆಯಲಿಲ್ಲ. ಆ ಗಳಿಗೆಯಲ್ಲಿ ನನ್ನ ಮಗನ ಮೇಲೆ ನನಗೆ ಹುಟ್ಟಿದ ಅಸಹ್ಯ ಅವನೊಬ್ಬನ ಮೇಲಿನದ್ದಲ್ಲ ಎಂದು ಗೊತ್ತಿತ್ತು.

ಅವಳು ಪ್ರಸಾದ ತೆಗೆದುಕೊಂಡು ಹೊರಗೆ ಹೋಗಿ, ಚಪ್ಪಲಿ ಬಿಡುವಲ್ಲಿಯ ಕಟ್ಟೆಯ ಮೇಲೆ ಸುಸ್ತಾಗಿ ಕುಳಿತಳು. ನಾನು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಲು ನೋಡಿದೆ. ಅವಳು ತಟ್ಟನೆ ಆಚೆ ಸರಿದಳು.

"ಹತ್ರ ಬರ್ಬೇಡಿ ಅಮ್ಮ. ನಿಮಗೆ ತಾಗಿದ್ರೆ? ಮನೆಯಲ್ಲಿ ಅವರಿಗೂ ಹುಷಾರಿಲ್ಲ."

ಆ ಮಾತು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಹೂವಿನಲ್ಲಿದ್ದದ್ದು ಸೂಜಿ, ಇಟ್ಟವಳು ನಾನು, ರಕ್ತ ಅವರದ್ದು, ರೋಗದ ಹೆಸರು ಇದು, ದೇವಿಗೂ ಇದಕ್ಕೂ ಸಂಬಂಧವಿಲ್ಲ, ನಿನ್ನ ಕೈಯ ತಪ್ಪೂ ಅಲ್ಲ. ಈಗಲೇ ಹೋಗುವ, ಅತ್ತಾವರದಲ್ಲಿ ಡಾಕ್ಟರಿದ್ದಾರೆ, ಸುಮಾರು ಜನಕ್ಕೆ ತಾನಾಗಿ ಗುಣವಾಗುತ್ತದೆ ಎಂದೆ. ಗುಣವಾಗದವರಿಗೆ ಏನಾಗುತ್ತದೆ ಎಂದು ಹೇಳಲಿಲ್ಲ. ಅವಳು ನನ್ನ ಮುಖ ನೋಡದೆ ಪ್ರಸಾದದ ಎಲೆಯನ್ನು ಮಡಚು ಬಿಡಿಸು ಮಾಡುತ್ತಿದ್ದಳು.

"ಚುಚ್ಚಿದ ದಿನವೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆಗ ಹೇಳಿದ್ರೆ ಮದ್ದಿತ್ತಾ?"

"ಇತ್ತು. ಏಳು ದಿನದೊಳಗೆ ಕೊಡ್ಬೇಕಿತ್ತು."

ಕಿನ್ನಿ ಬೆರಳು ಮಡಚತೊಡಗಿದಳು. ಹಾಜರಿ ಲೆಕ್ಕ ಹಾಕುವವರ ಹಾಗೆ, ಆತುರವಿಲ್ಲದೆ. "ಬುಧವಾರ ಬಂದಿದ್ದೆ. ಗುರುವಾರ ಬಂದಿದ್ದೆ. ಶುಕ್ರವಾರ ಕೈ ತೋರಿಸಿದೆ. ಶನಿವಾರ ನೀವು ಗ್ಲೌಸ್ ಕೊಟ್ರಿ. ಭಾನುವಾರ ರಜೆ. ಸೋಮವಾರ ಬಂದಿದ್ದೆ. ಮಂಗಳವಾರವೂ ಬಂದಿದ್ದೆ." ಮಡಚಿದ ಬೆರಳುಗಳನ್ನು ನೋಡಿಕೊಂಡಳು. "ಆರು ದಿನ ನಿಮ್ಮ ಗೇಟಿಗೆ ಬಂದಿದ್ದೆ ಅಮ್ಮ."